ಹೊಸ ಡೋವೆಲ್ ಜಿಗ್: 18 ಮಿ.ಮೀ. ಪ್ಲೈವುಡ್ ಮೇಲೆ ಪ್ರಯೋಗ, ಮುಂಬೈ ಮಳೆಗಾಲದಲ್ಲಿ

ಬಾಲ್ಕನಿ ಬಡಗಿ, ಡೊಂಬಿವಲಿ

ಡೋವೆಲ್ ಜಿಗ್ ಒಂದನ್ನು ಕೊಂಡು, ಚಪ್ಪಲಿ ಕಪಾಟಿನ ಮೇಲೆ ಪ್ರಯೋಗ ಮಾಡಿ ಮುಗಿಸಿದ್ದೇನೆ. ಡೋವೆಲ್ ಎಂದರೆ ಎರಡು ಹಲಗೆಗಳನ್ನು ಸೇರಿಸಲು ರಂಧ್ರದೊಳಗೆ ಕೂರಿಸುವ ದುಂಡು ಮರದ ಮೊಳೆ; ಜಿಗ್ ಎಂದರೆ ರಂಧ್ರ ಸರಿಯಾದ ಜಾಗಕ್ಕೆ, ನೆಟ್ಟಗೆ ಬೀಳುವಂತೆ ಡ್ರಿಲ್‌ಗೆ ದಾರಿ ತೋರಿಸುವ ಸಾಧನ. "ಎರಡು ಸಾವಿರದೊಳಗಿನ ಜಿಗ್ ಕೆಲಸಕ್ಕೆ ಬರುತ್ತದೆಯೇ" ಎಂದು ಇಲ್ಲಿ ಮೇಲಿಂದ ಮೇಲೆ ಕೇಳುವವರಿಗಾಗಿ ಈ ಬರಹ. ಬರುತ್ತದೆ. ಆದರೆ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ ಕಾರಣಗಳಿಗಾಗಿ ಅಲ್ಲ.

ಕಂಪನಿಯ ಹೆಸರು ಕೇಳಬೇಡಿ. ಇದೇ ಮಾಲು ಬೇರೆ ಬೇರೆ ಬಣ್ಣ ಬಳಿದುಕೊಂಡು ಬೇರೆ ಬೇರೆ ಹೆಸರಿನಲ್ಲಿ ಮಾರಾಟವಾಗುತ್ತಿದೆ. ಅಲ್ಯೂಮಿನಿಯಂ ದೇಹ, 6, 8, 10 ಮಿ.ಮೀ.ಗೆ ಬಿಟ್ ಹಿಡಿದಿಡುವ ಉಕ್ಕಿನ ಕೊಳವೆಗಳು, ಅಂದರೆ ಬುಷ್‌ಗಳು, ಹಲಗೆಯ ಮೈಗೆ ಒತ್ತಿ ಹಿಡಿಯಲು ಹಿಂದೆ ಮುಂದೆ ಜರುಗುವ ಒಂದು ತಡೆಪಟ್ಟಿ, ಅದರ ಮೇಲೆ ಮಿಲಿಮೀಟರ್ ಗೆರೆಗಳು, ಹಲಗೆಗೆ ಬಿಗಿಯಲು ಒಂದು ತಿರುಪು. ಜೊತೆಗೆ ಡ್ರಿಲ್ ಬಿಟ್‌ಗಳು, ಆಳ ನಿಲ್ಲಿಸುವ ಉಂಗುರಗಳು, ಒಂದು ಹಿಡಿ ಬೀಚ್ ಮರದ ಡೋವೆಲ್‌ಗಳು.

ಸ್ಕ್ರೂ ಬಿಟ್ಟು ಡೋವೆಲ್ ಏಕೆ ಎಂದರೆ, ನನ್ನ ಹಲಗೆಗಳ ಹೊರಮುಖಕ್ಕೆ ಮೊದಲೇ ಲ್ಯಾಮಿನೇಟ್ ಅಂಟಿಸಿತ್ತು. ಅದರ ಮೇಲೆ ಸ್ಕ್ರೂ ತಲೆ ಕಾಣುವುದು ನನಗೆ ಇಷ್ಟವಿಲ್ಲ. ಪ್ಲೈವುಡ್‌ನ ಅಂಚಿಗೆ ಸ್ಕ್ರೂ ಹೊಡೆದಾಗ ಪದರಗಳು ಬಾಯಿ ಬಿಡುವುದನ್ನು ಎಲ್ಲರೂ ನೋಡಿರುತ್ತೀರಿ.

ಮೊದಲು ಪರೀಕ್ಷಿಸಿದ್ದು ಬುಷ್‌ನ ಸಡಿಲವನ್ನು. ಪೆಟ್ಟಿಗೆಯಲ್ಲಿ ಬಂದ "8 ಮಿ.ಮೀ." ಬಿಟ್ ಬುಷ್‌ನೊಳಗೆ ಅಲ್ಲಾಡುತ್ತಿತ್ತು. ದಪ್ಪ ಅಳೆಯುವ ಕ್ಯಾಲಿಪರ್ ಹಿಡಿದರೆ 7.8. ಇಷ್ಟೇ ತಾನೇ ಎನ್ನಬೇಡಿ: ಬುಷ್‌ನ ಉದ್ದ 25 ಮಿ.ಮೀ., ಸಡಿಲ 0.2 ಮಿ.ಮೀ. ಇದ್ದರೆ, 20 ಮಿ.ಮೀ. ಆಳ ಇಳಿಯುವಷ್ಟರಲ್ಲಿ ಬಿಟ್‌ನ ತುದಿ ಇನ್ನೂ 0.16 ಮಿ.ಮೀ. ವಾಲಬಹುದು. ಎದುರು ಹಲಗೆಯ ರಂಧ್ರ ಬೇರೆ ದಿಕ್ಕಿಗೆ ವಾಲಿದರೆ ಎರಡೂ ಸೇರಿ ಡೋವೆಲ್ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಆ ಬಿಟ್‌ಗಳನ್ನು ಬದಿಗಿಟ್ಟು, ಮುಂಬೈಯ ಉಪಕರಣಗಳ ಬೀದಿ ನಾಗದೇವಿ ಸ್ಟ್ರೀಟ್‌ನಿಂದ ನಡುವೆ ಮುಳ್ಳಿರುವ ಸರಿಯಾದ 8ರ ಬಿಟ್ ತಂದೆ. ಅಲ್ಲಾಟ ಬಹುತೇಕ ನಿಂತಿತು. ಲೋಹಕ್ಕೆ ಬಳಸುವ ಸಾಮಾನ್ಯ ಬಿಟ್ ಬೇಡ. ಅದರ ತುದಿ ಗಟ್ಟಿ ಎಳೆ ಸಿಕ್ಕಲ್ಲಿ ಜಾರಿ ಮೆತ್ತಗಿನ ಎಳೆಯ ಕಡೆಗೆ ಹೋಗುತ್ತದೆ.

ಎರಡನೆಯದು ತಡೆಪಟ್ಟಿ. ಗೆರೆಯನ್ನು 9ಕ್ಕೆ ಇಟ್ಟರೆ ರಂಧ್ರದ ನಡು 9.4ಕ್ಕೆ ಬೀಳುತ್ತದೆ. ಇದೊಂದೇ ಕಾರಣಕ್ಕೆ ಜಿಗ್ ಹಿಂತಿರುಗಿಸಿದವರ ದೂರುಗಳನ್ನು ಓದಿದ್ದೇನೆ, ಅವಸರ ಮಾಡಿದ್ದಾರೆ ಎನಿಸುತ್ತದೆ. ಮೇಲಿನ ಹಲಗೆಯನ್ನು ಪಕ್ಕದ ಹಲಗೆಯ ತುದಿಗೆ ಕೂರಿಸುವಾಗ, ಒಂದರಲ್ಲಿ ತಡೆಪಟ್ಟಿಯನ್ನು ಹೊರಮುಖಕ್ಕೆ, ಇನ್ನೊಂದರಲ್ಲಿ ತುದಿಗೆ ಒತ್ತಿ ಹಿಡಿದು, ನಡುವೆ ತಡೆಪಟ್ಟಿಯನ್ನು ಮುಟ್ಟದೇ ಇದ್ದರೆ ಎರಡೂ ಕಡೆ 9.4 ಬರುತ್ತದೆ, ಹೊರಮೈ ಸಮನಾಗಿ ಕೂರುತ್ತದೆ. ರಂಧ್ರ ದಪ್ಪದ ಸರಿಯಾದ ನಡುವಿನಲ್ಲಿ ಇರಬೇಕೆಂಬ ಹಟ ಇಲ್ಲಿ ವ್ಯರ್ಥ. ಎರಡೂ ರಂಧ್ರಗಳು ಒಂದೇ ಮೈಯಿಂದ ಒಂದೇ ದೂರದಲ್ಲಿರಬೇಕು, ಅಷ್ಟೇ. ಆದ್ದರಿಂದ ಕೊರೆಯುವ ಮೊದಲು ಪ್ರತಿ ಹಲಗೆಯ ಹೊರಮೈ ಮೇಲೆ ಪೆನ್ಸಿಲ್ ಗುರುತು ಹಾಕಿ. ಜಿಗ್ ಬೇಡುವ ಶಿಸ್ತು ಇದೊಂದೇ.

ಪಕ್ಕದ ಹಲಗೆಯ ನಡುವೆ ಬರುವ ತಟ್ಟೆಗೆ, ಅಂದರೆ ಕಪಾಟಿನೊಳಗಿನ ಅಡ್ಡ ಹಲಗೆಗೆ, ತಡೆಪಟ್ಟಿ ತಲುಪುವುದಿಲ್ಲ. ಅದಕ್ಕೆ ಏನು ಮಾಡುತ್ತೀರಿ ಎಂದು ಉಳಿದವರು ಹೇಳಿ.

ಕೋಥ್ರೂಡ್ ಕೀಸುಳಿ, ಪುಣೆ

ಒಳ್ಳೆಯ ವಿವರ. ನನ್ನ ಹತ್ತಿರ ಇರುವುದು ತಾನಾಗಿಯೇ ನಡು ಹಿಡಿಯುವ ಬಗೆಯ ಜಿಗ್. ಎರಡೂ ದವಡೆಗಳು ಒಟ್ಟಿಗೆ ಮುಚ್ಚಿಕೊಂಡು ಹಲಗೆಯ ದಪ್ಪದ ನಡುವನ್ನು ಹುಡುಕುತ್ತವೆ. ಕೇಳಲು ಬುದ್ಧಿವಂತಿಕೆಯ ಯಂತ್ರ ಎನಿಸುತ್ತದೆ, ಪ್ಲೈವುಡ್ ಮೇಲೆ ಕಾಟ ಕೊಡುತ್ತದೆ. ಭವಾನಿ ಪೇಠ್ ಟಿಂಬರ್ ಮಾರ್ಕೆಟ್‌ನಲ್ಲಿ 18 ಎಂದು ಕೊಟ್ಟ ಪ್ಲೈ ಒಂದು ಹಾಳೆಯಲ್ಲಿ 18.3, ಇನ್ನೊಂದರಲ್ಲಿ 17.7. ನಡುವಿಗೆ ನಡು ಸೇರಿಸಿದರೆ ಎರಡೂ ಮುಖಗಳಲ್ಲಿ 0.3 ಮಿ.ಮೀ. ಮೆಟ್ಟಿಲು ಉಳಿಯುತ್ತದೆ. ಲ್ಯಾಮಿನೇಟ್ ಅಂಟಿಸಿದ ಹಲಗೆಯಲ್ಲಿ ಅದನ್ನು ಉಜ್ಜಿ ತೆಗೆಯುವಂತೆಯೂ ಇಲ್ಲ. ತಡೆಪಟ್ಟಿ ಇರುವ ಜಿಗ್‌ನಲ್ಲಿ ಹೊರಮೈ ಸಮನಾಗಿ, ವ್ಯತ್ಯಾಸವೆಲ್ಲ ಒಳಗಡೆಗೆ ಹೋಗುತ್ತದೆ, ಯಾರಿಗೂ ಕಾಣುವುದಿಲ್ಲ. ಒಂದೇ ಹಲಗೆಯಿಂದ ಸೀಳಿ ಒಂದೇ ದಪ್ಪಕ್ಕೆ ಕೀಸಿದ ಮರಕ್ಕೆ ಮಾತ್ರ ನನ್ನ ಜಿಗ್ ಹೊರಬರುತ್ತದೆ.

ನಡುವಿನ ತಟ್ಟೆಯ ವಿಷಯ: ತಟ್ಟೆಯನ್ನೇ ತಡೆಪಟ್ಟಿ ಮಾಡಿಕೊಳ್ಳಿ. ಪಕ್ಕದ ಹಲಗೆಯನ್ನು ನೆಲಕ್ಕೆ ಮಲಗಿಸಿ, ತಟ್ಟೆಯ ಕೆಳಮೈ ಬರಬೇಕಾದಲ್ಲಿ ಗೆರೆ ಎಳೆದು, ತಟ್ಟೆಯ ತುದಿ ಆ ಗೆರೆಗೆ ತಾಗುವಂತೆ ಅದನ್ನು ಹಲಗೆಯ ಮೇಲೆ ಮಲಗಿಸಿ ಕ್ಲ್ಯಾಂಪ್ ಹಾಕಿ. ಹಾಗೆ ಮಲಗಿದಾಗ ತಟ್ಟೆಯ ಕೆಳಮೈ ಮೇಲ್ಮುಖವಾಗಿರಬೇಕು, ಇದನ್ನು ಮರೆಯಬೇಡಿ. ಜಿಗ್‌ನ ತಡೆಪಟ್ಟಿಯನ್ನು ತಟ್ಟೆಯ ತುದಿಗೆ ಒತ್ತಿ ಕೆಳಗಿನ ಹಲಗೆಗೆ ಕೊರೆಯಿರಿ. ಆಮೇಲೆ ತಡೆಪಟ್ಟಿಯನ್ನು ತಟ್ಟೆಯ ಕೆಳಮೈಗೆ ಹಿಡಿದು ಅದರ ಅಂಚಿಗೆ ಕೊರೆಯಿರಿ. ಎರಡೂ ಕಡೆ ಅದೇ ದೂರ ಬರುತ್ತದೆ. ಟೇಪ್ ಹಿಡಿದು ಅಳೆಯುವ ತಾಪತ್ರಯ ಇಲ್ಲ.

ಹೊಸ ಉಳಿ, ಮೀರಾ ರೋಡ್

ಸರ್, ನಾನು ಈಗಷ್ಟೇ ಶುರು ಮಾಡಿದವನು. ಎಷ್ಟು ಆಳ ಕೊರೆಯಬೇಕು? 18ರ ಹಲಗೆಗೆ 8 ಸಾಕೇ, 10 ಬೇಕೇ? ಜಿಗ್ ಬದಲಿಗೆ ಸಣ್ಣ ಲೋಹದ ಗುರುತು ಮುಳ್ಳುಗಳು ಸಿಗುತ್ತವಲ್ಲ, ರಂಧ್ರದಲ್ಲಿಟ್ಟು ಎದುರು ಹಲಗೆಗೆ ಒತ್ತುವುದು, ಅವು ಸಾಲವೇ?

ಬಾಲ್ಕನಿ ಬಡಗಿ, ಡೊಂಬಿವಲಿ

ದಪ್ಪದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಎನ್ನುವುದು ರೂಢಿ. 18ಕ್ಕೆ 8 ಸರಿ, 12ಕ್ಕೆ 6. ಪ್ಲೈವುಡ್‌ನ ಅಂಚಿನಲ್ಲಿ 10 ಹಾಕಿದರೆ ಎರಡೂ ಪಕ್ಕದಲ್ಲಿ 4 ಮಿ.ಮೀ. ಮಾತ್ರ ಉಳಿಯುತ್ತದೆ, ಡೋವೆಲ್ ತುಸು ಬಿಗಿಯಾದರೂ ಪದರ ಬಿರಿಯುತ್ತದೆ.

ಆಳ: ಎರಡು ರಂಧ್ರಗಳ ಮೊತ್ತ ಡೋವೆಲ್‌ನ ಉದ್ದಕ್ಕಿಂತ 2 ಮಿ.ಮೀ. ಹೆಚ್ಚಿರಲಿ. 8×30ರ ಡೋವೆಲ್‌ಗೆ ಹಲಗೆಯ ಮುಖದಲ್ಲಿ 12, ಅಂಚಿನಲ್ಲಿ 20. ಮುಖದಲ್ಲಿ 12 ದಾಟಬೇಡಿ. ಬಿಟ್‌ನ ನಡುಮುಳ್ಳು ಅಳತೆಗಿಂತ ಮುಂದೆ ಚಾಚಿರುತ್ತದೆ, ಹಿಂದಿನ ಲ್ಯಾಮಿನೇಟ್‌ನಲ್ಲಿ ಮೊಡವೆ ಏಳುತ್ತದೆ. ಉಳಿದ ಆ 2 ಮಿ.ಮೀ. ಹೆಚ್ಚುವರಿ ಅಂಟಿಗೆ ನಿಲ್ಲಲು ಜಾಗ. ಜಾಗ ಇಲ್ಲದಿದ್ದರೆ ಅಂಟು ಹಿಂದಕ್ಕೆ ಒತ್ತುತ್ತದೆ, ಎಷ್ಟು ಬಿಗಿದರೂ ಜೋಡಣೆ ಮುಚ್ಚಿಕೊಳ್ಳುವುದಿಲ್ಲ. ಡೋವೆಲ್ ಮೈಮೇಲೆ ಗೀರುಗಳಿರುವುದೂ ಅದಕ್ಕೇ, ಗಾಳಿ ಮತ್ತು ಅಂಟು ಹೊರಬರಲಿ ಎಂದು. ನುಣುಪಾದ ಕೋಲನ್ನು ಕತ್ತರಿಸಿ ಡೋವೆಲ್ ಮಾಡಿಕೊಳ್ಳುವವರು ಗರಗಸದಿಂದ ಉದ್ದಕ್ಕೆ ಒಂದು ಗೀರು ಎಳೆದುಕೊಳ್ಳಿ.

ಉಂಗುರ ಕಟ್ಟುವಾಗ ಬುಷ್‌ನ ಉದ್ದವನ್ನೂ ಕೂಡಿಸಬೇಕು. ನನ್ನದರಲ್ಲಿ 25 + 20 = 45ಕ್ಕೆ ಕಟ್ಟಬೇಕು. ಉಂಗುರದ ಪುಟ್ಟ ತಿರುಪು ಕಂಪನಕ್ಕೆ ಜಾರುತ್ತದೆ, ಅದರ ಕೆಳಗೆ ಒಂದು ಸುತ್ತು ಬಣ್ಣದ ಟೇಪ್ ಸುತ್ತಿಡಿ. ಉಂಗುರ ಸರಿದರೆ ಕೂಡಲೇ ತಿಳಿಯುತ್ತದೆ.

ಗುರುತು ಮುಳ್ಳುಗಳು ಕೆಟ್ಟವೇನಲ್ಲ. ಸ್ಥಾನವನ್ನು ಸರಿಯಾಗಿಯೇ ತೋರಿಸುತ್ತವೆ. ಆದರೆ ಡ್ರಿಲ್ ನೆಟ್ಟಗೆ ಇಳಿಯುವಂತೆ ಅವು ಹಿಡಿಯುವುದಿಲ್ಲ, ಆ ಹೊಣೆ ನಿಮ್ಮ ಕೈಗೇ ಉಳಿಯುತ್ತದೆ.

ಕುಂದಾಪುರದ ಆಚಾರಿ, ಭಾಂಡುಪ್

ನಾನು ಕೂಲಿಗೆ ಈ ಕೆಲಸ ಮಾಡುವವನು, ಆದ್ದರಿಂದ ಬೇಸರ ಮಾಡಿಕೊಳ್ಳದೆ ಓದಿ. ಕ್ಯಾಲಿಪರ್, 0.16, 9.4... ಒಂದು ಚಪ್ಪಲಿ ಕಪಾಟಿಗೆ ಇಷ್ಟು ಲೆಕ್ಕ ಹಾಕುತ್ತಾ ಕುಳಿತರೆ ನಮ್ಮ ಮನೆಯಲ್ಲಿ ಒಲೆ ಉರಿಯುವುದಿಲ್ಲ ಮಾರಾಯರೇ. ಅಂಟು ಹಚ್ಚಿ, ಸ್ಕ್ರೂ ಹೊಡೆದು, ಮೇಲೆ ಲ್ಯಾಮಿನೇಟ್ ಅಂಟಿಸಿದರೆ ಸ್ಕ್ರೂ ಎಲ್ಲಿ ಕಾಣುತ್ತದೆ?

ಡೋವೆಲ್ ಮೇಲೆ ನನಗೆ ನಂಬಿಕೆ ಕಡಿಮೆ ಇರುವುದಕ್ಕೆ ಕಾರಣವೂ ಇದೆ. ದುರಸ್ತಿಗೆ ಬರುವ ಕುರ್ಚಿಗಳಲ್ಲಿ ಅಲ್ಲಾಡುವ ಕಾಲು ಬಿಚ್ಚಿದರೆ ಒಳಗೆ ಡೋವೆಲ್ ಇರುತ್ತದೆ, ಅಂಟು ಬಿಟ್ಟು ಸುಮ್ಮನೆ ತಿರುಗುತ್ತಿರುತ್ತದೆ. ಊರಿನ ಮನೆಯ ಹಳೆಯ ಕುರ್ಚಿಗಳಲ್ಲಿ ಕಾಲಿಗೆ ಚೌಕ ತೂತು ತೋಡಿ, ಪಟ್ಟಿಯ ತುದಿಯನ್ನು ನಾಲಗೆಯಂತೆ ಕೆತ್ತಿ ಕೂರಿಸಿ, ಅಡ್ಡಕ್ಕೆ ಮರದ ಮೊಳೆ ಹೊಡೆದಿದ್ದಾರೆ. ಅಂಟು ಸತ್ತರೂ ಕುರ್ಚಿ ನಿಂತಿದೆ.

ಕೋಥ್ರೂಡ್ ಕೀಸುಳಿ, ಪುಣೆ

ಆಚಾರ್ಯರೇ, ಕುರ್ಚಿಯ ಮಾತಿನಲ್ಲಿ ನಾನು ನಿಮ್ಮ ಪಕ್ಷ. ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಹೊಸಬರಿಗೆ ಉಪಯೋಗವಾಗಬಹುದು. ಮರ ತೇವ ಹೀರಿ, ಒಣಗಿ, ಅಡ್ಡಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಬಹುತೇಕ ಬದಲಾಗುವುದಿಲ್ಲ. ಕುರ್ಚಿಯ ಕಾಲಿನಲ್ಲಿ ಕೊರೆದ ದುಂಡು ರಂಧ್ರ ಎಳೆಗೆ ಅಡ್ಡವಾಗಿರುತ್ತದೆ. ಬೇಸಿಗೆ, ಮಳೆಗಾಲ ಎಂದು ಋತು ತಿರುಗಿದಂತೆ ಆ ರಂಧ್ರ ಒಂದು ದಿಕ್ಕಿನಲ್ಲಿ ಮಾತ್ರ ಬದಲಾಗಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಒಳಗಿನ ಡೋವೆಲ್ ತನ್ನದೇ ರೀತಿಯಲ್ಲಿ ಬದಲಾಗುತ್ತದೆ. ಎರಡರ ನಡುವಿನ ಅಂಟಿನ ಪೊರೆ ಹರಿಯುತ್ತದೆ. ಮೇಲಾಗಿ ದುಂಡು ರಂಧ್ರದ ಗೋಡೆಯಲ್ಲಿ ಹೆಚ್ಚು ಭಾಗ ಎಳೆಯ ಕೊಯ್ದ ತುದಿಯೇ, ಅಲ್ಲಿ ಅಂಟು ಚೆನ್ನಾಗಿ ಹಿಡಿಯುವುದಿಲ್ಲ. ಚೌಕ ನಾಲಗೆಗೆ ಅಗಲವಾದ ಎರಡು ಕೆನ್ನೆಗಳಲ್ಲಿ ಎಳೆಗೆ ಎಳೆ ಅಂಟುತ್ತದೆ. ಜೊತೆಗೆ, ಯಾರೋ ಹಿಂದಕ್ಕೆ ವಾಲಿ ಕುಳಿತಾಗಲೆಲ್ಲ ಕುರ್ಚಿಯ ಜೋಡಣೆಯ ಮೇಲೆ ಸನ್ನೆಗೋಲು ಹಾಕಿದಂತೆ ಬಲ ಬೀಳುತ್ತದೆ.

ಆದರೆ ಪ್ಲೈವುಡ್‌ನಲ್ಲಿ ಈ ಕಾರಣ ನಿಲ್ಲುವುದಿಲ್ಲ. ಅದರ ಪದರಗಳು ಒಂದರ ಮೇಲೊಂದು ಅಡ್ಡವಾಗಿ ಕೂತಿರುವುದರಿಂದ ಹಲಗೆ ಹಿಗ್ಗಿ ಕುಗ್ಗುವುದೇ ಕಡಿಮೆ. ಗೋಡೆಗೆ ಒರಗಿ ನಿಲ್ಲುವ ಕಪಾಟಿಗೆ ಕುರ್ಚಿಯ ಕಷ್ಟವೂ ಇಲ್ಲ. ಕಾರ್ಖಾನೆಯಿಂದ ಬಿಡಿಬಿಡಿಯಾಗಿ ಬಂದು ಮನೆಯಲ್ಲಿ ಜೋಡಿಸುವ ಕಪಾಟುಗಳಲ್ಲಿ ಡೋವೆಲ್ ಇದ್ದೇ ಇರುತ್ತದೆ.

ಕುಂದಾಪುರದ ಆಚಾರಿ, ಭಾಂಡುಪ್

ಆ ಕಪಾಟುಗಳನ್ನು ಬಿಚ್ಚಿ ಸಾಗಿಸಿ ಮತ್ತೆ ಜೋಡಿಸುವ ಕೆಲಸವೂ ನಮ್ಮದೇ. ಅವುಗಳಲ್ಲಿ ಡೋವೆಲ್ ಜಾಗ ತೋರಿಸುತ್ತದೆ, ಬಿಗಿ ಹಿಡಿಯುವುದು ಪಕ್ಕದಲ್ಲಿರುವ 15 ಮಿ.ಮೀ. ದುಂಡು ಕ್ಯಾಮ್, ಅಂದರೆ ತಿರುಗಿಸಿದರೆ ಹಲಗೆಗಳನ್ನು ಬಿಗಿದೆಳೆಯುವ ಬಿಲ್ಲೆ. ಡೋವೆಲ್‌ಗೆ ಅಲ್ಲಿ ಎಷ್ಟೋ ಸಲ ಅಂಟೂ ಇರುವುದಿಲ್ಲ. ಬಾಡಿಗೆ ಮನೆ ಬದಲಿಸುವವರಿಗೆ ಅದೇ ಅನುಕೂಲ. ಅಂಟು ಹಾಕಿ ಜೋಡಿಸಿದ ಡೋವೆಲ್ ಕಪಾಟನ್ನು ನಾಲ್ಕನೇ ಮಹಡಿಯ ಮೆಟ್ಟಿಲಲ್ಲಿ ಇಳಿಸುವುದು ಹೇಗೆಂದು ಯಾರಾದರೂ ಜಿಗ್ ಮಾಡಿದ್ದರೆ ತಿಳಿಸಿ.

ಥಾಣೆ ತಿರುಪು

ಮೆಟ್ಟಿಲಿಗಿಂತ ಮೊದಲು ವಸತಿ ಸೊಸೈಟಿಯ ಕಾರ್ಯದರ್ಶಿಯನ್ನು ದಾಟಬೇಕು. ನಮ್ಮಲ್ಲಿ ಮಧ್ಯಾಹ್ನ 2ರಿಂದ 4 ಡ್ರಿಲ್ ಸದ್ದು ಕೇಳಿಸುವಂತಿಲ್ಲ, ನನಗೆ ಬಿಡುವು ಸಿಗುವುದು ಆಗಲೇ. ಹಾಗಾಗಿ ಚೋರ್ ಬಜಾರ್‌ನಲ್ಲಿ ಸಿಕ್ಕ, ಹಲ್ಲುಚಕ್ರ ತಿರುಗಿಸುವ ಕೈ ಡ್ರಿಲ್ ಅನ್ನು ಜಿಗ್ ಜೊತೆ ಬಳಸುತ್ತಿದ್ದೇನೆ. 8 ಮಿ.ಮೀ. ಕೊರೆಯಲು ತೋಳು ನೋಯುತ್ತದೆ, ಆದರೆ ಬುಷ್ ದಾರಿ ತೋರಿಸುವುದರಿಂದ ರಂಧ್ರ ನೆಟ್ಟಗೇ ಬರುತ್ತದೆ. ಕೈ ಡ್ರಿಲ್ ಅಲ್ಲಾಡುವ ಸಾಧನ, ಜಿಗ್‌ನ ನಿಜವಾದ ಉಪಕಾರ ತಿಳಿದದ್ದು ಅದರಲ್ಲೇ. ಪೈನ್‌ನಲ್ಲಿ ಸಲೀಸು. ಪ್ಲೈನ ಅಂಚಿನಲ್ಲಿ ಅಂಟಿನ ಪದರ ಸಿಕ್ಕಾಗ ಸ್ವಲ್ಪ ಎಡವುತ್ತದೆ, ನಡುನಡುವೆ ಬಿಟ್ ಎತ್ತಿ ಪುಡಿ ತೆಗೆಯಬೇಕು.

ಮಡಗಾಂವ್ ಹಲಸು

ಗೋವಾದಿಂದ ನಮಸ್ಕಾರ. ಹಲಸಿನ ಹಲಗೆಗಳನ್ನು ಪಕ್ಕಕ್ಕೆ ಪಕ್ಕ ಸೇರಿಸಿ ಊಟದ ಮೇಜಿನ ಮೇಲ್ಮೈ ಮಾಡುತ್ತಿದ್ದೇನೆ. ಎರಡು ತೊಂದರೆಗಳು. ಒಂದು, ಈ ಜೋಡಣೆಗೆ ಡೋವೆಲ್ ಬೇಕೇ? ಎರಡು, ಬೇಸಿಗೆಯಲ್ಲಿ ಕೊಂಡ ಡೋವೆಲ್‌ಗಳು ಆಗ ರಂಧ್ರಕ್ಕೆ ಬೆರಳಲ್ಲೇ ಇಳಿಯುತ್ತಿದ್ದವು, ಈಗ ಸುತ್ತಿಗೆಯಲ್ಲಿ ಬಡಿದರೂ ಹೋಗುವುದಿಲ್ಲ. ಬಿಟ್ ಅದೇ, ಜಿಗ್ ಅದೇ.

ಬಾಲ್ಕನಿ ಬಡಗಿ, ಡೊಂಬಿವಲಿ

ಎರಡನೆಯದಕ್ಕೆ ಮೊದಲು ಉತ್ತರ, ಏಕೆಂದರೆ ಕರಾವಳಿಯ ನಮಗೆಲ್ಲ ಜಿಗ್‌ಗಿಂತ ದೊಡ್ಡ ಸಮಸ್ಯೆ ಅದೇ. ಬೀಚ್ ಮರ ತೇವಕ್ಕೆ ಬಹಳ ಬೇಗ ಸ್ಪಂದಿಸುವ ಮರ. ಒಣ ಗೋದಾಮಿನಲ್ಲಿ ಸುಮಾರು 8 ಶೇಕಡಾ ತೇವಾಂಶವಿದ್ದ ಡೋವೆಲ್ ನಮ್ಮ ಮಳೆಗಾಲದ ಗಾಳಿಯಲ್ಲಿ 16ರ ಹತ್ತಿರ ಹೋದರೆ, 8 ಮಿ.ಮೀ.ನ ಮೈ ಒಂದು ದಿಕ್ಕಿನಲ್ಲಿ 8.2 ದಾಟುತ್ತದೆ. ಇನ್ನೊಂದು ದಿಕ್ಕಿನಲ್ಲಿ ಅಷ್ಟು ಉಬ್ಬುವುದಿಲ್ಲ, ಆದ್ದರಿಂದ ದುಂಡಗೂ ಉಳಿಯುವುದಿಲ್ಲ. ಜುಲೈನಲ್ಲಿ ತೆರೆದಿಟ್ಟ ಪೊಟ್ಟಣದ ಡೋವೆಲ್‌ಗಳನ್ನು ಕ್ಯಾಲಿಪರ್‌ನಲ್ಲಿ ತಿರುಗಿಸಿ ನೋಡಿ, ಕಣ್ಣಿಗೇ ಕಾಣುತ್ತದೆ.

ದೊಡ್ಡ ಬಿಟ್ ಹಾಕುವುದು ಪರಿಹಾರವಲ್ಲ, ಬೇಸಿಗೆ ಬಂದಾಗ ಸಡಿಲವಾಗುತ್ತದೆ. ಡೋವೆಲ್ ಒಣಗಿಸಿ. ಕೇಕ್ ಸುಡುವ ಓವನ್‌ನಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ, ಬಿಸಿ ಇಳಿಯುವ ಮೊದಲೇ ಗಾಳಿಯಾಡದ ಡಬ್ಬಿಗೆ ಹಾಕಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನಿಡಿ. ಹಪ್ಪಳದ ಡಬ್ಬಿ ಇದಕ್ಕೆ ಹೇಳಿ ಮಾಡಿಸಿದಂತಿದೆ, ಮನೆಯವರು ಒಪ್ಪಿದರೆ. ಒಣಗಿಸಿದ್ದಕ್ಕೆ ಇನ್ನೊಂದು ಲಾಭವಿದೆ. ಒಣಗಿದ ಡೋವೆಲ್ ನೀರು ಬೆರೆತ ಬಿಳಿ ಅಂಟಿನಿಂದ ತೇವ ಹೀರಿ ರಂಧ್ರದೊಳಗೇ ಉಬ್ಬಿ ಕಚ್ಚಿಕೊಳ್ಳುತ್ತದೆ. ಮೊದಲೇ ಉಬ್ಬಿದ ಡೋವೆಲ್ ಬಡಿದರೆ ಅಂಟನ್ನೆಲ್ಲ ಕೆರೆದು ತಳಕ್ಕೆ ತಳ್ಳುತ್ತದೆ, ಗೋಡೆ ಒಣಗಿಯೇ ಉಳಿಯುತ್ತದೆ. ಅಂಟನ್ನು ಡೋವೆಲ್‌ಗೆ ಮಾತ್ರ ಬಳಿಯದೆ ಸಣ್ಣ ಕಡ್ಡಿಯಿಂದ ರಂಧ್ರದ ಗೋಡೆಗೂ ಸವರಿ.

ಅಡುಗೆಮನೆ, ಬಚ್ಚಲ ಹತ್ತಿರದ ಕೆಲಸವಾದರೆ ನೀರು ತಡೆಯುವ ಬಗೆಯ ಅಂಟು ತೆಗೆದುಕೊಳ್ಳಿ. ಪ್ಲೈವುಡ್‌ನಲ್ಲೂ ಐಎಸ್ (ಭಾರತೀಯ ಮಾನಕ) 303 ಸಾಮಾನ್ಯ ಬಳಕೆಗೆ, ಐಎಸ್ 710 ಮರೀನ್, ಅಂದರೆ ನೀರು ತಡೆಯುವ ಬಗೆ. ಪ್ಲೈಗೆ ಹಣ ಸುರಿದು ಅಂಟಿನಲ್ಲಿ ಉಳಿತಾಯ ಮಾಡುವುದರಲ್ಲಿ ಅರ್ಥವಿಲ್ಲ.

ಕೋಥ್ರೂಡ್ ಕೀಸುಳಿ, ಪುಣೆ

ಹಲಸಿನ ಮೇಜಿಗೆ ನನ್ನ ಅಭಿಪ್ರಾಯ: ಬಲಕ್ಕಾಗಿ ಡೋವೆಲ್ ಬೇಡ. ಉದ್ದ ಎಳೆಗೆ ಉದ್ದ ಎಳೆ ಸೇರಿಸಿ, ಅಂಚನ್ನು ಕೀಸುಳಿಯಿಂದ ಬೆಳಕು ತೂರದಂತೆ ನೇರ ಮಾಡಿದ್ದರೆ, ಅಂಟಿನ ಜೋಡಣೆಯೇ ಮರಕ್ಕಿಂತ ಗಟ್ಟಿ. ಅಂಟು ಹಾಕಿ ಬಿಗಿಯುವಾಗ ಹಲಗೆಗಳು ಮೇಲೆ ಕೆಳಗೆ ಜಾರುತ್ತವಲ್ಲ, ಅದನ್ನು ತಡೆಯಲು ಮಾತ್ರ ಅಲ್ಲಲ್ಲಿ ಒಂದೊಂದು ಡೋವೆಲ್ ಇಡಬಹುದು. ಆಗ ಆಳ ಹೆಚ್ಚು ಬೇಕಿಲ್ಲ. ಹಲಸಿನ ಎಳೆ ಹೆಣೆದುಕೊಂಡಿರುವುದರಿಂದ ಕೀಸುವಾಗ ಒಂದು ಕಡೆ ನಯ, ಇನ್ನೊಂದು ಕಡೆ ಸಿಗುರು ಏಳುತ್ತದೆ. ನಿಮ್ಮ ಸಮಯವನ್ನು ಉಳಿಯ ಹರಿತಕ್ಕೆ ಕೊಡಿ, ಜಿಗ್‌ಗಲ್ಲ.

ಅಂದ ಹಾಗೆ, ಉದ್ದದ ಅಂಚಿನಲ್ಲಿ ಸಾಲಾಗಿ ಕೊರೆಯುವಾಗ ಕೆಲವರು ಹಿಂದಿನ ರಂಧ್ರಕ್ಕೆ ಪಿನ್ ಹಾಕಿ ಜಿಗ್ ಅನ್ನು ಮುಂದೆ ಸರಿಸುತ್ತಾರೆ. ಪ್ರತಿ ಹೆಜ್ಜೆಗೂ ಚೂರು ತಪ್ಪು ಸೇರುತ್ತಾ ಹೋಗುತ್ತದೆ. ಎರಡೂ ಹಲಗೆಗಳಲ್ಲಿ ಒಂದೇ ತುದಿಯಿಂದ ಶುರು ಮಾಡಿದರೆ ತಪ್ಪು ಎರಡರಲ್ಲೂ ಒಂದೇ ರೀತಿ ಸೇರಿ ಜೋಡಣೆ ಹೊಂದಿಕೊಳ್ಳುತ್ತದೆ. ಒಂದನ್ನು ಎಡದಿಂದ, ಇನ್ನೊಂದನ್ನು ಬಲದಿಂದ ಕೊರೆದರೆ ಕೊನೆಯ ಡೋವೆಲ್ ಒಳಗೆ ಹೋಗುವುದಿಲ್ಲ.

ಮಡಗಾಂವ್ ಹಲಸು

ಧನ್ಯವಾದ. ಹಪ್ಪಳದ ಡಬ್ಬಿ ಸಿಗಲಿಲ್ಲ, ಒಣಮೀನಿನ ಡಬ್ಬಿ ಸಿಕ್ಕಿದೆ. ಮೇಜಿಗೆ ಆ ವಾಸನೆ ಅಂಟಿದರೆ ನೀವೇ ಹೊಣೆ.

ಕುಂದಾಪುರದ ಆಚಾರಿ, ಭಾಂಡುಪ್

ಒಣಗಿಸುವ ಮಾತು ಒಪ್ಪಿದೆ. ನನ್ನ ಅಜ್ಜ ಬಿದಿರಿನ ಮೊಳೆಗಳನ್ನು ಒಲೆಯ ಮೇಲಿನ ಅಟ್ಟದಲ್ಲೇ ಇಡುತ್ತಿದ್ದರು, ಕಾರಣ ಕೇಳಿದರೆ ಬೈಯುತ್ತಿದ್ದರು.

ಒಂದು ವಿಷಯ ಕೇಳುತ್ತೇನೆ. ಗಿರಾಕಿಯೊಬ್ಬರಿಗೆ ಹೊರಗೆ ವೆನೀರ್ (ತೆಳುವಾದ ಮರದ ಹಾಳೆ), ಒಳಗೂ ವೆನೀರ್ ಇರುವ ಪುಸ್ತಕದ ಕಪಾಟು ಬೇಕಂತೆ, ಎಲ್ಲೂ ಸ್ಕ್ರೂ ಕಾಣಬಾರದಂತೆ. ವೆನೀರ್ ಅಂಟಿಸಿದ ಹಲಗೆ ತಯಾರಾಗಿ ಬರುತ್ತದೆ. ತಟ್ಟೆಯ ಮೇಲೆ ಪುಸ್ತಕದ ಭಾರ. 300 ಮಿ.ಮೀ. ಅಗಲದ ತಟ್ಟೆಗೆ ಪ್ರತಿ ತುದಿಯಲ್ಲಿ ಎಷ್ಟು ಡೋವೆಲ್ ಹಾಕುತ್ತೀರಿ?

ಬಾಲ್ಕನಿ ಬಡಗಿ, ಡೊಂಬಿವಲಿ

ಮೂರು. ಮುಂದೆ ಹಿಂದೆ ಅಂಚಿನಿಂದ 40 ಬಿಟ್ಟು ಒಂದೊಂದು, ನಡುವೆ ಒಂದು. ಹಿಂಬದಿಗೆ ಪ್ಲೈ ಹಾಳೆಯನ್ನು ಅಂಟಿಸಿ ಮುಚ್ಚಿದರೆ ಕಪಾಟು ಪಕ್ಕಕ್ಕೆ ವಾಲುವುದಿಲ್ಲ, ಡೋವೆಲ್ ಮೇಲೆ ತಟ್ಟೆಯ ಭಾರ ಮಾತ್ರ ಉಳಿಯುತ್ತದೆ. ಅದನ್ನು ಅದು ಹೊರುತ್ತದೆ. ತಟ್ಟೆ 750ಕ್ಕಿಂತ ಉದ್ದವಾದರೆ ಡೋವೆಲ್ ಸೋಲುವ ಮೊದಲು ತಟ್ಟೆಯೇ ಬಾಗುತ್ತದೆ, ಮುಂಭಾಗಕ್ಕೆ ಮರದ ಪಟ್ಟಿ ಕೊಡಿ. ತಟ್ಟೆ ಬಡಿಯುವ ಮೊದಲು ಅಂಚಿನ ಪಕ್ಕಗಳಿಗೆ ಕ್ಲ್ಯಾಂಪ್ ಹಾಕಿ, ವೆನೀರ್ ಬಿರಿಯದಿರಲಿ. ಅಂಟಿಲ್ಲದೆ ಒಮ್ಮೆ ಪೂರ್ತಿ ಜೋಡಿಸಿ ನೋಡಿಯೇ ಅಂಟು ಹಾಕಿ. ಆ ಒಣ ಜೋಡಣೆಗೆ ಕೆಲವು ಡೋವೆಲ್‌ಗಳನ್ನು ಮರಳು ಕಾಗದದಲ್ಲಿ ಸ್ವಲ್ಪ ಉಜ್ಜಿ ಬೇರೆಯಾಗಿಟ್ಟುಕೊಳ್ಳಿ, ಇಲ್ಲದಿದ್ದರೆ ಬಿಚ್ಚಲು ಬರುವುದಿಲ್ಲ.

ಕುಂದಾಪುರದ ಆಚಾರಿ, ಭಾಂಡುಪ್

ಕಪಾಟಿಗೆ ಸರಿ, ಪ್ರಯತ್ನಿಸುತ್ತೇನೆ. ಅವರೇ ಕುರ್ಚಿಯನ್ನೂ ಕೇಳಿದ್ದಾರೆ. ಅದಕ್ಕೆ ನನ್ನ ಉಳಿ, ಕೊಡತಿಯೇ.

ಹೊಸ ಉಳಿ, ಮೀರಾ ರೋಡ್

ಶನಿವಾರ ನಾಗದೇವಿಗೆ ಹೋಗುತ್ತಿದ್ದೇನೆ. 8ರ ಬಿಟ್ ಯಾರಿಗಾದರೂ ಬೇಕೇ?

ಥಾಣೆ ತಿರುಪು

ನನಗೊಂದು. ಜೊತೆಗೆ ಕ್ಯಾಲಿಪರ್ ತೆಗೆದುಕೊಂಡು ಹೋಗಿ, ಅಂಗಡಿಯಲ್ಲೇ ಅಳೆದು ಕೊಳ್ಳಿ. ಅಂಗಡಿಯವನು ಮುಖ ಗಂಟಿಕ್ಕಿದರೆ ಪಕ್ಕದ ಅಂಗಡಿಗೆ ಹೋಗಿ, ಆ ಬೀದಿಯಲ್ಲಿ ಅಂಗಡಿಗಳಿಗೆ ಬರವಿಲ್ಲ.